ಮಗು ಅಂಬೆಗಾಲಿಡುವ ಮುನ್ನ ಮನೆಯಲ್ಲಿ ಏನೇನು ಬದಲಾಗಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಐದು ವರ್ಷದೊಳಗಿನ ಮಕ್ಕಳಿರುವ ಬೆಂಗಳೂರಿನ ಮನೆಗಳಿಂದ ಬಂದವು. ‘ಮಗುವಿನ ಮೇಲೆ ಸದಾ ಕಣ್ಣಿಟ್ಟಿರಿ’ ಎಂಬ ಉತ್ತರವನ್ನು ಬೇಕೆಂದೇ ಬಿಟ್ಟಿದ್ದೇವೆ. ಒಲೆಯ ಮೇಲೆ ಹಾಲಿರುತ್ತದೆ, ಬಾಗಿಲಲ್ಲಿ ಕೊರಿಯರ್‌ನವರು ನಿಂತಿರುತ್ತಾರೆ, ಕಣ್ಣು ತಪ್ಪಿಯೇ ತಪ್ಪುತ್ತದೆ. ಆ ಎರಡು ನಿಮಿಷದಲ್ಲಿ ಮಗುವನ್ನು ಕಾಯುವುದು ಚಿಲಕ, ಮುಚ್ಚಳ, ಸ್ಕ್ರೂ ಇವೇ.

ಹೆಣ್ಣೂರಿನ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿ ನಮ್ಮದು. ಬಾಲ್ಕನಿ ರೇಲಿಂಗ್‌ಗೆ ಅಡ್ಡಡ್ಡ ಸ್ಟೀಲ್ ಪೈಪುಗಳಿವೆ. ಮಗನಿಗೆ ಎರಡು ವರ್ಷ, ಸೋಫಾ ಹತ್ತಲು ಕಲಿತಿದ್ದಾನೆ. ಪಾರಿವಾಳಕ್ಕೆಂದು ಹಾಕಿಸಿದ ನೈಲಾನ್ ಬಲೆ ಇದೆ. ಅದು ಸಾಕಲ್ಲವೇ? ಹೊರನೋಟ ಕೆಡುತ್ತದೆಂದು ಅಸೋಸಿಯೇಷನ್‌ನವರು ಗ್ರಿಲ್‌ಗೆ ಒಪ್ಪುತ್ತಿಲ್ಲ.

ಸಾಲದು. ಪಾರಿವಾಳದ ಬಲೆ ಹಕ್ಕಿ ತಡೆಯಲು ಮಾಡಿದ್ದು, ಹತ್ತು–ಹನ್ನೆರಡು ಕಿಲೋ ತೂಕದ ಮಗು ಒರಗಿದರೆ ತಡೆಯಲು ಅಲ್ಲ. ಸಣ್ಣ ಕೊಕ್ಕೆಗಳನ್ನು ಬರೀ ಗಾರೆಗೆ ಹೊಡೆದಿರುತ್ತಾರೆ. ಬಿಸಿಲಿಗೆ ನೈಲಾನ್ ಒಣಗಿ ಪುಡಿಯಾಗುತ್ತದೆ. ಬಲೆಯ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಜಗ್ಗಿ ನೋಡಿ. ಎರಡು ಮೂರು ಬೇಸಿಗೆ ಕಂಡ ಬಲೆಯಾದರೆ ಎಷ್ಟು ಸಲೀಸಾಗಿ ಹರಿಯುತ್ತದೆಂದು ಗೊತ್ತಾಗುತ್ತದೆ.

ನಿಮ್ಮ ಬಾಲ್ಕನಿಯ ನಿಜವಾದ ತೊಂದರೆ ಅಡ್ಡ ಪೈಪುಗಳು. ಮಗುವಿಗೆ ಅದು ಏಣಿ. ಕಂಬಿಗಳು ನೆಟ್ಟಗಿದ್ದು ನಡುವಿನ ಸಂದು 10 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಹತ್ತಲೂ ಆಗದು, ನುಸುಳಲೂ ಆಗದು. ಅಡ್ಡ ಪೈಪಿದ್ದರೆ ರೇಲಿಂಗ್ ಎಷ್ಟೇ ಎತ್ತರವಿದ್ದರೂ ಆ ಎತ್ತರ ಲೆಕ್ಕಕ್ಕಿಲ್ಲ. ಎತ್ತರವನ್ನು ಅಳೆಯಬೇಕಾದ್ದು ನೆಲದಿಂದಲ್ಲ, ಮಗು ಕಾಲಿಡಬಹುದಾದ ಕೊನೆಯ ಜಾಗದಿಂದ. 110 ಸೆಂ.ಮೀ. ರೇಲಿಂಗ್ ಪಕ್ಕ 45 ಸೆಂ.ಮೀ. ಎತ್ತರದ ತುಳಸಿ ಕುಂಡವಿಟ್ಟರೆ ಉಳಿದದ್ದು 65 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಎರಡು ವರ್ಷದ ಮಗುವಿನ ಹೆಗಲ ಮಟ್ಟದಷ್ಟೇ.

ಒಳಗಿನಿಂದ ಮಾಡಬಹುದಾದ ಕೆಲಸಕ್ಕೆ ಅಸೋಸಿಯೇಷನ್ ಸಾಮಾನ್ಯವಾಗಿ ತಕರಾರು ತೆಗೆಯುವುದಿಲ್ಲ. ಪೈಪುಗಳ ಒಳಮೈಗೆ 4 ಅಥವಾ 5 ಮಿ.ಮೀ. ದಪ್ಪದ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ಕೂರಿಸಿ. ಅಕ್ರಿಲಿಕ್ ಬೇಡ, ಅದು ಏಟಿಗೆ ಸೀಳಿ ಚೂಪಾಗುತ್ತದೆ. ಶೀಟಿಗೆ ಪ್ರತಿ 30 ಸೆಂ.ಮೀ.ಗೊಂದು ತೂತು ಕೊರೆದು ಸ್ಟೀಲ್ ಕ್ಲಾಂಪಿನಿಂದ ಪೈಪಿಗೆ ಬಿಗಿಯಬೇಕು. ಪ್ಲಾಸ್ಟಿಕ್ ಟ್ಯಾಗ್ ಬಿಸಿಲಿಗೆ ಮುರಿಯುವುದರಿಂದ ಅದನ್ನು ತಾತ್ಕಾಲಿಕ ಎಂದೇ ತಿಳಿಯಿರಿ. ತೂತು ಸ್ಕ್ರೂವಿಗಿಂತ ಒಂದೆರಡು ಮಿ.ಮೀ. ದೊಡ್ಡದಿರಲಿ; ಬಿಸಿಲಿಗೆ ಶೀಟ್ ಹಿಗ್ಗುತ್ತದೆ, ಜಾಗ ಬಿಡದಿದ್ದರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಶೀಟಿನ ಕೆಳಗಿನ ಸಂದೂ 10 ಸೆಂ.ಮೀ. ಮೀರಬಾರದು.

ಹಣ ಹೊಂದಿದರೆ ‘ಇನ್‌ವಿಸಿಬಲ್ ಗ್ರಿಲ್’ ಹಾಕಿಸಬಹುದು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಂತಿ, ಎರಡು ತಂತಿಗಳ ನಡುವೆ 5 ಸೆಂ.ಮೀ., ತಂತಿಗಳು ಮೇಲಿಂದ ಕೆಳಕ್ಕೆ ಇರಲಿ. ಅಲ್ಯೂಮಿನಿಯಂ ಚಾನೆಲ್‌ನ ಸ್ಕ್ರೂಗಳು ಗಾರೆ ದಾಟಿ ಕಾಂಕ್ರೀಟಿಗೋ ಇಟ್ಟಿಗೆಗೋ ಹೋಗಬೇಕು. ಇಲ್ಲಿ ಕೆಡುವುದು ಬಿಗಿತ. ತಂತಿ ಸಡಿಲಾದರೆ ಎರಡು ತಂತಿಗಳನ್ನು ಕೈಯಿಂದ ಅಗಲಿಸಿ ತಲೆ ತೂರಿಸಬಹುದು. ಆರು ತಿಂಗಳಿಗೊಮ್ಮೆ ಅಗಲಿಸಿ ನೋಡಿ, ಜಗ್ಗಿದರೆ ಮತ್ತೆ ಬಿಗಿಸಿ.

ಬಟ್ಟೆ ಒಣಗಿಸಲು ಇಟ್ಟ ಸ್ಟೂಲು, ಮಡಚುವ ಕುರ್ಚಿ, ವಾಷಿಂಗ್ ಮಷಿನ್, ಏಸಿಯ ಹೊರ ಘಟಕ ಇವು ರೇಲಿಂಗ್‌ನಿಂದ ಒಂದು ಮೀಟರಾದರೂ ದೂರ ಇರಲಿ. ಬಾಲ್ಕನಿ ಬಾಗಿಲಿಗೆ ಐದಡಿ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿ. ಯುಪಿವಿಸಿ ಸ್ಲೈಡಿಂಗ್ ಕಿಟಕಿಗೆ 10 ಸೆಂ.ಮೀ. ಮಾತ್ರ ತೆರೆಯುವಂತೆ ಸ್ಟಾಪರ್ ಬೇಕು. ಸೊಳ್ಳೆ ಜಾಲರಿ ಸೊಳ್ಳೆಗಷ್ಟೇ.

ವಿಜಯನಗರದ ಸ್ವಂತ ಮನೆ, ಇಪ್ಪತ್ತೈದು ವರ್ಷ ಹಳೆಯದು. ಮಗಳು ಅಂಬೆಗಾಲಿಡುತ್ತಿದ್ದಾಳೆಂದು ಆರ್‌ಸಿಸಿಬಿ (ಷಾಕ್ ತಡೆಯುವ ಸ್ವಿಚ್) ಹಾಕಿಸಿದೆವು. ಆದರೆ ಇನ್ವರ್ಟರ್ ಇರುವುದರಿಂದ ಅದು ಪದೇ ಪದೇ ಬೀಳುತ್ತಿದೆ. ಎಲೆಕ್ಟ್ರಿಷಿಯನ್ ‘ಎಂಸಿಬಿ ಇದೆಯಲ್ಲ ಸಾರ್, ಇದನ್ನು ಬೈಪಾಸ್ ಮಾಡೋಣ’ ಅನ್ನುತ್ತಿದ್ದಾರೆ. ಮಾಡಿಸಬಹುದೇ? ಪ್ಲಗ್ ತೂತಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ ಸಾಕೇ?

ಬೈಪಾಸ್ ಖಂಡಿತ ಬೇಡ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ 16 ಆಂಪಿಯರ್‌ಗಿಂತ ಹೆಚ್ಚು ಹರಿಯಬೇಕು. ಅದರ ನೂರರಲ್ಲಿ ಒಂದು ಪಾಲು ಮೈಯೊಳಗೆ ಹರಿದರೂ ಹೃದಯ ನಿಲ್ಲಬಹುದು. ಆರ್‌ಸಿಸಿಬಿ ನೋಡುವುದು ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು. ವ್ಯತ್ಯಾಸ 30 ಮಿಲಿಆಂಪಿಯರ್ ಆಗುವಷ್ಟರಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ, ಕಡಿದುಬಿಡುತ್ತದೆ. ಡಬ್ಬಿಯ ಮೇಲೆ 30 ಎಂಎ ಎಂದೇ ಇದೆಯೇ ನೋಡಿಕೊಳ್ಳಿ. 100 ಅಥವಾ 300 ಎಂಎ ಎಂದಿದ್ದರೆ ಅದು ಬೆಂಕಿ ತಡೆಗೆ, ಷಾಕ್ ತಡೆಗಲ್ಲ.

ಪದೇ ಪದೇ ಬೀಳಲು ಕಾರಣ ಬಹುಮಟ್ಟಿಗೆ ನ್ಯೂಟ್ರಲ್ ಬೆರಕೆ. ಹಳೆ ಮನೆಗೆ ಆಮೇಲೆ ಇನ್ವರ್ಟರ್ ಸೇರಿಸುವಾಗ ಫೇಸ್ ವೈರನ್ನು ಮಾತ್ರ ಬೇರ್ಪಡಿಸಿ ಎಳೆಯುತ್ತಾರೆ. ನ್ಯೂಟ್ರಲ್ ಮಾತ್ರ ಮನೆಯದೇ, ಎಲ್ಲದಕ್ಕೂ ಸೇರಿ ಒಂದೇ. ಹಾಗಾಗಿ ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಮರಳುತ್ತದೆ. ಲೆಕ್ಕ ತಪ್ಪಿತೆಂದು ಆರ್‌ಸಿಸಿಬಿ ಬೀಳುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಸರಿಪಡಿಸುವ ಕ್ರಮ ಹೀಗೆ. ಇನ್ವರ್ಟರ್ ಮೇಲೆ ನಡೆಯುವ ಲೈಟು, ಫ್ಯಾನು, ಒಂದೆರಡು ಪ್ಲಗ್ ಪಾಯಿಂಟುಗಳನ್ನು ಗುರುತಿಸಿ. ಇನ್ವರ್ಟರ್‌ನ ಔಟ್‌ಪುಟ್‌ನಿಂದ ಆ ಪಾಯಿಂಟುಗಳಿಗೆ ಪ್ರತ್ಯೇಕ ನ್ಯೂಟ್ರಲ್ ವೈರ್ ಎಳೆಸಿ. ಸ್ವಿಚ್ ಬೋರ್ಡ್ ಒಳಗೆ ಅದು ಉಳಿದ ನ್ಯೂಟ್ರಲ್‌ಗೆ ಎಲ್ಲೂ ತಗುಲಬಾರದು. ಇನ್ವರ್ಟರ್ ಔಟ್‌ಪುಟ್ಟಿಗೇ ಇನ್ನೊಂದು ಎರಡು ಪೋಲ್‌ನ, 30 ಎಂಎ ಆರ್‌ಸಿಸಿಬಿ ಹಾಕಿಸಿ. ಒಂದೇ ಸ್ವಿಚ್ ಬೋರ್ಡಿನಲ್ಲಿ ಎರಡೂ ಲೈನು ಇದ್ದರೆ ನ್ಯೂಟ್ರಲ್‌ಗಳಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿಸಿ. ಇಲ್ಲದಿದ್ದರೆ ಮುಂದಿನ ಸಲ ಸ್ವಿಚ್ ಬದಲಿಸಲು ಬಂದವರು ಮತ್ತೆ ಎರಡನ್ನೂ ಸೇರಿಸಿ ಗಂಟು ಹಾಕುತ್ತಾರೆ. ಇಷ್ಟಾದ ಮೇಲೂ ಬಿದ್ದರೆ ನಿಜವಾದ ಸೋರಿಕೆ ಇದೆ ಎಂದರ್ಥ. ಎಲ್ಲ ಎಂಸಿಬಿ ಇಳಿಸಿ, ಒಂದೊಂದಾಗಿ ಏರಿಸುತ್ತ ಬನ್ನಿ. ಗೀಸರ್ ಎಲಿಮೆಂಟು, ತೇವ ಹಿಡಿದ ಹೊರಗಿನ ಲೈಟು, ಸಂಪಿನ ಮೋಟರು, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಸಿಕ್ಕಿಬೀಳುತ್ತದೆ.

ತಿಂಗಳಿಗೊಮ್ಮೆ ‘ಟಿ’ ಬಟನ್ ಒತ್ತಿ, ತಕ್ಷಣ ಬೀಳಬೇಕು. ಆದರೆ ಆ ಬಟನ್ ಆರ್‌ಸಿಸಿಬಿಯನ್ನಷ್ಟೇ ಪರೀಕ್ಷಿಸುತ್ತದೆ, ಮನೆಯ ಅರ್ತಿಂಗನ್ನಲ್ಲ. ಅದನ್ನು ಬೇರೆಯಾಗಿಯೇ ನೋಡಿಸಬೇಕು.

ಪ್ಲಗ್ ತೂತಿನ ವಿಚಾರವೂ ಇದಕ್ಕೇ ಗಂಟು ಬಿದ್ದಿದೆ. ಮಗು ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಮುಟ್ಟಿದರೆ ಆರ್‌ಸಿಸಿಬಿಗೆ ಅದೂ ಒಂದು ಬಲ್ಬಿನಂತೆಯೇ ಕಾಣುತ್ತದೆ, ಬೀಳುವುದಿಲ್ಲ. ಆದ್ದರಿಂದ ತೂತೇ ಮುಚ್ಚಿರಬೇಕು. ಪ್ಲಾಸ್ಟಿಕ್ ಮುಚ್ಚಳಗಳನ್ನು ಒಂದೂವರೆ ವರ್ಷದ ಮಗು ಕಿತ್ತು ಬಾಯಿಗಿಡಬಲ್ಲದು. ಅದರ ಬದಲು ಐಎಸ್ 1293 ಗುರುತಿನ, ಒಳಗೆ ಶಟರ್ ಇರುವ ಸಾಕೆಟ್ ಹಾಕಿಸಿ. ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನ ಎರಡು ತೂತಿನಲ್ಲಿ ಪ್ಲಾಸ್ಟಿಕ್ ತಡೆ ಕಾಣಬೇಕು. ಮೇಲಿನ ಉದ್ದ ಪಿನ್ ಹೋದಾಗ ಮಾತ್ರ ಅದು ಸರಿಯುತ್ತದೆ. ಎರಡು ಪಿನ್ನಿನ ಚಾರ್ಜರ್ ಹೋಗಲೆಂದು ಮೇಲಿನ ತೂತಿಗೆ ಪೆನ್ನು, ಸ್ಕ್ರೂಡ್ರೈವರ್ ತೂರಿಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಮಗು ನೋಡಿ ಕಲಿಯುವುದು ಅದನ್ನೇ.

ಇನ್ವರ್ಟರ್ ಬ್ಯಾಟರಿ ಹಾಲ್‌ನ ಮೂಲೆಯಲ್ಲಿ ಟ್ರಾಲಿ ಮೇಲಿದ್ದರೆ ಗಾಳಿಯಾಡುವ, ಬೀಗವಿರುವ ಪೆಟ್ಟಿಗೆಯೊಳಗೆ ಸೇರಿಸಿ. ಅದರ 12 ವೋಲ್ಟ್ ಷಾಕ್ ಹೊಡೆಯುವುದಿಲ್ಲ. ಆದರೆ ಎರಡು ಟರ್ಮಿನಲ್‌ಗಳಿಗೆ ಚಮಚವೋ ಬೀಗದ ಕೈಯೋ ತಾಗಿದರೆ ಕಿಡಿ ಹಾರಿ ಆ ಲೋಹ ಕೆಂಪಗಾಗುತ್ತದೆ. ಒಳಗಿರುವುದು ಗಂಧಕಾಮ್ಲ. ಮೈಮೇಲೆ ಬಿದ್ದರೆ ಬಟ್ಟೆ ತೆಗೆದು ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಬೇಕು.

ಬನಶಂಕರಿಯಲ್ಲಿ ಬಾಡಿಗೆಗಿದ್ದೇವೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವುದರಿಂದ ಡ್ರಮ್ಮು, ಬಕೆಟ್ ಎಲ್ಲ ತುಂಬಿಸಿಡಲೇಬೇಕು. ಅಂಗಳದಲ್ಲೇ ಸಂಪು, ಅದರ ತಗಡಿನ ಮುಚ್ಚಳ ತುಕ್ಕು ಹಿಡಿದಿದೆ. ಮನೆ ಓನರ್ ‘ನಿಮ್ಮ ಮಗುವನ್ನು ನೀವು ನೋಡಿಕೊಳ್ಳಿ’ ಅನ್ನುತ್ತಾರೆ.

ಮೊದಲು ಬಕೆಟ್. ಹೆಚ್ಚಿನವರು ಸಂಪಿಗೆ ಹೆದರಿ ಬಕೆಟ್ ಮರೆಯುತ್ತಾರೆ. ಒಂದು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಬಕೆಟ್ಟಿನ ಅಂಚು ಹಿಡಿದು ಬಗ್ಗಿದರೆ ತಲೆಕೆಳಗಾಗಿ ಬೀಳುತ್ತದೆ, ತುಂಬಿದ ಬಕೆಟ್ ಉರುಳುವುದಿಲ್ಲ, ಮಗು ಮೇಲೇಳಲಾರದು. 5 ಸೆಂ.ಮೀ. ನೀರಿದ್ದರೂ ಸಾಕು. ಕೂಗೂ ಕೇಳಿಸುವುದಿಲ್ಲ. ಖಾಲಿ ಬಕೆಟ್ ಬೋರಲು ಹಾಕಿ. ತುಂಬಿದ್ದು ಬೇಕೇ ಬೇಕೆಂದರೆ ಬಚ್ಚಲಮನೆಯಲ್ಲಿಟ್ಟು ಬಾಗಿಲಿಗೆ ಹೊರಗಿನಿಂದ ಐದಡಿ ಎತ್ತರದಲ್ಲಿ ಚಿಲಕ ಹಾಕಿ. ಡ್ರಮ್ಮಿಗೆ ತಿರುಗಿಸಿ ಮುಚ್ಚುವ ಇಲ್ಲವೇ ಕಬ್ಬಿಣದ ಬಳೆ ಬಿಗಿಯುವ ಮುಚ್ಚಳವಿರಲಿ. ಮೇಲೆ ಹಲಗೆ ಇಡುವುದು ಮುಚ್ಚಳವಲ್ಲ.

ಸಂಪಿಗೆ ಎರಡು ತಡೆ ಬೇಕು. ಮೇಲೆ ಬಿಜಾಗರಿ, ಬೀಗ ಇರುವ ಎರಕದ ಕಬ್ಬಿಣ ಅಥವಾ ಫೈಬರ್ ಮುಚ್ಚಳ. ಅದರ ಕೆಳಗೆ, ಬಾಯಿಯ ಒಳಗೇ, 12 ಮಿ.ಮೀ. ಸರಳುಗಳನ್ನು 10 ಸೆಂ.ಮೀ. ಅಂತರದಲ್ಲಿ ಬೆಸೆದ ಜಾಲರಿ. ಮುಚ್ಚಳ ತೆರೆದಿದ್ದಾಗ ಕಾಯುವುದು ಈ ಜಾಲರಿ. ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. ಮುಚ್ಚಳ ತೆರೆದೇ ಇರುವ ಹೊತ್ತು ಟ್ಯಾಂಕರ್ ಬಂದಾಗ. ಸಂಪಿನ ಪಕ್ಕದಿಂದ 4 ಇಂಚಿನ ಪಿವಿಸಿ ಪೈಪ್ ಇಳಿಸಿ ಬಾಯಿಗೆ ಕ್ಯಾಪ್ ಹಾಕಿದರೆ, ಪೈಪನ್ನು ಅದರಲ್ಲೇ ತೂರಿಸಬಹುದು, ಮುಚ್ಚಳ ತೆರೆಯುವ ಪ್ರಮೇಯವೇ ಇಲ್ಲ. ಓನರ್ ಜೊತೆ ಮಾತಾಡುವಾಗ ಮಗುವಿನ ಹೆಸರೆತ್ತುವುದಕ್ಕಿಂತ ‘ತಗಡು ಕುಸಿದರೆ ನೀವೇ ಬೀಳುತ್ತೀರಿ’ ಎಂದರೆ ಕೆಲಸ ಬೇಗ ಆಗುತ್ತದೆ. ಖರ್ಚು ನೀವು ಹಾಕಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಮಾತನ್ನು ವಾಟ್ಸಾಪ್‌ನಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ತಗಡಿನ ಮೇಲೆ ಒಂದು ಕಡಪ ಕಲ್ಲು.

ಮುಳುಗಿದ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಎರಡೂ ತಪ್ಪು. ಅದರಲ್ಲಿ ಕಳೆಯುವುದು ಉಸಿರಿನ ಸಮಯ. ಉಸಿರಾಡದಿದ್ದರೆ ಅಂಗಾತ ಮಲಗಿಸಿ ಬಾಯಿಯಿಂದ ಮೊದಲು ಐದು ಬಾರಿ ಉಸಿರು ಕೊಡಿ. ಮಗು ಅಲುಗದೆ, ಕೆಮ್ಮದೆ ಇದ್ದರೆ 30 ಸಲ ಎದೆ ಒತ್ತಿ, ಎರಡು ಉಸಿರು, ಹೀಗೆ ಮುಂದುವರಿಸಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ ಎದೆಯ ಮೂರನೇ ಒಂದು ಭಾಗ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ನಾನು ಅಜ್ಜಿ, ಮಲ್ಲೇಶ್ವರ. ದೇವರ ಮನೆ ಹಾಲಿನಲ್ಲೇ, ನೆಲಮಟ್ಟದಲ್ಲಿದೆ. ಮೊಮ್ಮಗ ಕುಂಕುಮದ ಬಟ್ಟಲು ಚೆಲ್ಲುತ್ತಾನೆ, ದೀಪಕ್ಕೆ ಕೈ ಹಾಕುತ್ತಾನೆ. ದೇವರನ್ನು ಮೇಲೆತ್ತಿ ಇಡಲು ಮನಸ್ಸಿಲ್ಲ.

ದೇವರು ಅಲ್ಲೇ ಇರಲಿ ಅಮ್ಮ, ಕರ್ಪೂರ ಮೇಲೆ ಹೋಗಲಿ. ದೀಪಕ್ಕೆ ಎಲ್ಲರೂ ಹೆದರುತ್ತಾರೆ, ಕರ್ಪೂರಕ್ಕೆ ಯಾರೂ ಹೆದರುವುದಿಲ್ಲ. ಬಿಲ್ಲೆ ಬಿಳಿ, ಕಲ್ಲುಸಕ್ಕರೆಯಂತೆ ಕಾಣುತ್ತದೆ, ಅದರ ಪಕ್ಕದಲ್ಲೇ ನೈವೇದ್ಯದ ಕಲ್ಲುಸಕ್ಕರೆಯೂ ಇರುತ್ತದೆ. ಒಂದು ಗ್ರಾಂನಷ್ಟು ಕರ್ಪೂರ ನುಂಗಿದರೂ ಎಳೆಮಗುವಿನ ಜೀವಕ್ಕೆ ಅಪಾಯ. ನುಂಗಿದ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಕರ್ಪೂರ, ಬೆಂಕಿಪೆಟ್ಟಿಗೆ, ಊದುಬತ್ತಿ, ದೀಪದ ಎಣ್ಣೆ ನಾಲ್ಕೂ ಒಂದು ಸ್ಟೀಲ್ ಡಬ್ಬಿಯಲ್ಲಿ ಐದಡಿ ಮೇಲಿರಲಿ, ಪೂಜೆಗೆ ಬೇಕಾದಾಗ ಇಳಿಸಿಕೊಳ್ಳಿ. ನೆಗಡಿಗೆಂದು ಎಣ್ಣೆಗೆ ಕರ್ಪೂರ ಹಾಕಿ ಕೂಸಿನ ಎದೆ, ಮೂಗಿಗೆ ಹಚ್ಚುವುದೂ ಬೇಡ.

ಉದ್ದ ಕಂಬದ ದೀಪ ಮಗು ದೊಡ್ಡದಾಗುವವರೆಗೆ ಅಟ್ಟಕ್ಕೆ ಹೋಗಲಿ, ಸೆರಗು ತಾಗಿದರೂ ಉರುಳುತ್ತದೆ. ನಂದಾದೀಪಕ್ಕೆ ಗಾಜಿನ ಚಿಮಣಿ, ನಾಲ್ಕಡಿ ಮೇಲೆ ಗೋಡೆಗೆ ಸ್ಟ್ಯಾಂಡು. ಮಂಟಪಕ್ಕೆ ಎರಡು ಕಿರುಬಾಗಿಲು ಮಾಡಿಸಿದರೆ ನಿಮ್ಮ ಕುಂಕುಮವೂ ಉಳಿಯುತ್ತದೆ.

ಬೀರುವಿನ ನುಸಿಗುಳಿಗೆಯನ್ನೂ ತೆಗೆಯಿರಿ. ನ್ಯಾಫ್ತಲೀನ್ ನುಂಗಿದ ಮಗು ಮೊದಲ ದಿನ ಆರಾಮಾಗಿರುತ್ತದೆ. ಒಂದೆರಡು ದಿನದಲ್ಲಿ ರಕ್ತಕಣ ಒಡೆದು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾಗಬಹುದು. ಗುಳಿಗೆ ಹಾಕಿಟ್ಟ ಹಳೆ ಬಟ್ಟೆಯಲ್ಲಿ ಹಸುಗೂಸನ್ನು ಸುತ್ತುವುದಕ್ಕೂ ಇದೇ ಎಚ್ಚರಿಕೆ. ಫಿನಾಯಿಲ್, ಟಾಯ್ಲೆಟ್ ಆಸಿಡ್, ಸೀಮೆಎಣ್ಣೆಯನ್ನು ನೀರಿನ ಅಥವಾ ಜ್ಯೂಸ್ ಬಾಟಲಿಗೆ ಸುರಿದಿಡುವುದನ್ನು ಇಂದೇ ನಿಲ್ಲಿಸಿ. ಏನು ಕುಡಿದಿದ್ದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಸಿಡ್ ಎರಡನೇ ಸಲ ಅನ್ನನಾಳ ಸುಡುತ್ತದೆ. ಬಾಟಲಿಯನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಫ್ರಿಜ್ ಮೇಲೆ ಬರೆದಂಟಿಸಿ.

ಮಗುವಿಗೆ ಸ್ನಾನ ಮಾಡಿಸಲು ಗ್ಯಾಸ್ ಗೀಸರ್ ಒಳ್ಳೆಯದೋ, ಸೋಲಾರ್ ಒಳ್ಳೆಯದೋ? — ಯಲಹಂಕ

ಗ್ಯಾಸ್ ಗೀಸರನ್ನು ಬಚ್ಚಲಮನೆಯೊಳಗೆ ಹಾಕಿಸಿದ್ದರೆ ಈ ಉತ್ತರ ಓದಿ ಮುಗಿಸುವ ಮೊದಲೇ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು, ಅಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಮಕ್ಕಳು ಬೇಗ ಬೇಗ ಉಸಿರಾಡುವುದರಿಂದ ಮೊದಲು ಕುಸಿಯುವುದು ಅವರೇ. ಎಗ್ಸಾಸ್ಟ್ ಫ್ಯಾನ್ ಇದ್ದರಾಯಿತು ಎಂದು ನಂಬಬೇಡಿ. ಹೊರಗಿಂದ ಗಾಳಿ ಬರುವ ದಾರಿಯಿಲ್ಲದ ಕೋಣೆಯಲ್ಲಿ ಅದು ಹೊಗೆಯನ್ನೇ ಒಳಕ್ಕೆ ಎಳೆಯಬಹುದು. ಗೀಸರ್ರೂ ಸಿಲಿಂಡರೂ ಮನೆಯ ಹೊರಗೆ, ಬಿಸಿನೀರಿನ ಪೈಪು ಮಾತ್ರ ಒಳಗೆ.

ಸೋಲಾರ್‌ನ ತೊಂದರೆ ಬೇರೆ. ಅದಕ್ಕೆ ಥರ್ಮೋಸ್ಟಾಟ್ ಇಲ್ಲ. ಮಾರ್ಚ್–ಏಪ್ರಿಲ್ ಮಧ್ಯಾಹ್ನ ಟ್ಯಾಂಕಿನ ನೀರು 60 ಡಿಗ್ರಿ ದಾಟುವುದು ಮಾಮೂಲು, ಆ ನೀರು ಎಳೆ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ, ಕೈಗೆ ಹಿತವೆನಿಸಿ ಮಗುವನ್ನು ಕೂರಿಸಿದ ಮೇಲೆ ಕುದಿನೀರು ಬರುತ್ತದೆ. ಸೋಲಾರ್ ಪೈಪು ಬಚ್ಚಲಿಗೆ ಬರುವಲ್ಲಿ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಕೂರಿಸಿ 45 ಡಿಗ್ರಿಗೆ ನಿಲ್ಲಿಸುವುದು ಶಾಶ್ವತ ಪರಿಹಾರ. ಕರೆಂಟ್ ಗೀಸರ್ ಆದರೆ 50ರ ಆಸುಪಾಸು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ತಪ್ಪಬಾರದು. ಕೈಯಾಡಿಸಿ ಕಲಸಿ, ಮೊಣಕೈ ಅದ್ದಿ ನೋಡಿ. 37–38 ಡಿಗ್ರಿ ನೀರು ಮೊಣಕೈಗೆ ಬಿಸಿಯೆನಿಸುವುದಿಲ್ಲ, ಉಗುರುಬೆಚ್ಚಗೆ ಅಷ್ಟೇ. ಬಕೆಟ್ಟಿಗೆ ಬಿಡುವ ಹೀಟರ್ ರಾಡು ಮಗುವಿರುವ ಮನೆಗೆ ಸಲ್ಲದು.

ಸುಟ್ಟರೆ ಹರಿಯುವ ನಲ್ಲಿನೀರಿನಲ್ಲಿ 20 ನಿಮಿಷ ಹಿಡಿಯಿರಿ. ಪೇಸ್ಟು, ಇಂಕು, ಅರಿಸಿನ, ತುಪ್ಪ, ಐಸು ಯಾವುದೂ ಬೇಡ. ಇದು ಸಾರು, ಹಾಲಿನಿಂದಾದ ಸುಟ್ಟಗಾಯಕ್ಕೂ ಅನ್ವಯ.

ವಾಕರ್ ಕೊಡಿಸಬಹುದೇ? — ಕೆಂಗೇರಿ

ಬೇಡ. ಮಗು ಅದರಿಂದ ಬೇಗ ನಡೆಯುವುದಿಲ್ಲ. ಅದರಲ್ಲಿ ಕೂತ ಮಗು ಸೆಕೆಂಡಿಗೆ ಒಂದು ಮೀಟರ್ ಹತ್ತಿರ ವೇಗದಲ್ಲಿ ಮೆಟ್ಟಿಲ ಕಡೆಗೋ ಒಲೆಯ ಕಡೆಗೋ ಸಾಗಬಲ್ಲದು, ಕೈಯೂ ಮೇಜಿನ ಎತ್ತರಕ್ಕೆ ಎಟಕುತ್ತದೆ. ಕೆನಡಾ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಡ್ಯೂಪ್ಲೆಕ್ಸ್ ಮನೆಯಾದರೆ ಆ ದುಡ್ಡಿನಲ್ಲಿ ಮೆಟ್ಟಿಲಿಗೆ ಗೇಟು ಹಾಕಿಸಿ. ಮೇಲ್ತುದಿಯಲ್ಲಿ ಗೋಡೆಗೆ ಸ್ಕ್ರೂ ಹಾಕಿದ ಗೇಟೇ ಬೇಕು. ಒತ್ತಡದಿಂದ ನಿಲ್ಲುವ ಗೇಟು ಮಗುವಿನ ಸಮೇತ ಕಳಚಿ ಬೀಳುತ್ತದೆ.

ಮೂರು ತಿಂಗಳ ಕೂಸಿಗೆ ಸೀರೆಯ ಜೋಲಿ ಕಟ್ಟಿದ್ದೇವೆ. ಅದರಲ್ಲಲ್ಲದೆ ಬೇರೆಲ್ಲೂ ನಿದ್ದೆಯೇ ಮಾಡುವುದಿಲ್ಲ. ಐದು ವರ್ಷದ ಅಕ್ಕನಿಗೂ ಅದರಲ್ಲಿ ಆಡುವ ಹುಚ್ಚು. — ರಾಜಾಜಿನಗರ

ಅಪಾಯ ಕೂಸಿಗಿಂತ ಅಕ್ಕನಿಗೇ ಹೆಚ್ಚು. ಖಾಲಿ ಜೋಲಿಯಲ್ಲಿ ಕೂತು ಗಿರಗಿರನೆ ತಿರುಗುವಾಗ ಬಟ್ಟೆ ಹುರಿಗಟ್ಟಿ ಕುತ್ತಿಗೆಗೆ ಬಿಗಿದು ಮಕ್ಕಳು ಸತ್ತ ಪ್ರಕರಣಗಳಿವೆ. ಕೂಸನ್ನು ಎತ್ತಿಕೊಂಡ ಕೂಡಲೇ ಜೋಲಿಯನ್ನು ಮೇಲಕ್ಕೆ ಸುತ್ತಿ ಕೊಕ್ಕೆಗೇ ಕಟ್ಟಿಬಿಡಿ. ಈ ಒಂದು ಅಭ್ಯಾಸವನ್ನು ಮನೆಯವರೆಲ್ಲ ಪಾಲಿಸಬೇಕು.

ಕೊಕ್ಕೆ ಸ್ಲ್ಯಾಬಿನ ಕಂಬಿಗೆ ಬೆಸೆದದ್ದಾಗಿರಲಿ. ಫ್ಯಾನಿನ ಕೊಕ್ಕೆಗೆ, ಸುಣ್ಣದ ಸೀಲಿಂಗಿಗೆ ಹೊಡೆದ ಕೊಕ್ಕೆಗೆ ಕಟ್ಟಬೇಡಿ. 20 ಲೀಟರಿನ ಎರಡು ನೀರಿನ ಕ್ಯಾನ್ ನೇತುಹಾಕಿ ಅರ್ಧ ಗಂಟೆ ಬಿಟ್ಟು ಪರೀಕ್ಷಿಸಿ. ತಳ ನೆಲದಿಂದ ಒಂದಡಿಗಿಂತ ಮೇಲಿರಬಾರದು, ಕೆಳಗೆ ಹಾಸಿಗೆ, ನಾಲ್ಕೂ ಕಡೆ ಗೋಡೆ ಮೂರಡಿ ದೂರ. ಕೂಸಿನ ಮುಖದ ಮೇಲೆ ಬಟ್ಟೆ ಕೂಡದಂತೆ ಮೇಲ್ಗಡೆ ಅಡ್ಡಕೋಲು ಹಾಕಿ. ಸಿಂಥೆಟಿಕ್ ಸೀರೆ ಜಾರುತ್ತದೆ, ಗಂಟು ಸಡಿಲುತ್ತದೆ. ಹಳೆ ಹತ್ತಿ ಸೀರೆಯೇ ಸರಿ.

ಇಷ್ಟು ಮಾಡಿದರೂ ರಾತ್ರಿ ನಿದ್ದೆಗೆ ಜೋಲಿ ಬೇಡ. ಬಾಗಿದ ಬಟ್ಟೆಯಲ್ಲಿ ಗದ್ದ ಎದೆಗೆ ಒತ್ತಿ ಉಸಿರ ದಾರಿ ಮಡಚುತ್ತದೆ. ಜೋಲಿಯಲ್ಲಿ ಮಂಪರು ಹತ್ತಿಸಿ, ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ. ಮಗುಚಿಕೊಳ್ಳಲು ಶುರುಮಾಡಿದ ದಿನ ಜೋಲಿ ಬಿಚ್ಚಿ.

ಬೀರು ಗೋಡೆಗೆ ಬಿಗಿಯಬೇಕೆಂದು ಕೇಳಿದ್ದೇವೆ. ಕೊರೆದರೆ ಗೋಡೆಯಲ್ಲಿ ಸ್ಕ್ರೂ ನಿಲ್ಲುತ್ತಿಲ್ಲ. — ಸರ್ಜಾಪುರ ರಸ್ತೆ

ಕೊರೆದಾಗ ಬೀಳುವ ಪುಡಿ ನೋಡಿ. ಕೆಂಪಿದ್ದರೆ ಇಟ್ಟಿಗೆ, ಬೂದು ಇದ್ದರೆ ಕಾಂಕ್ರೀಟ್ ಬ್ಲಾಕ್, ಬಿಳಿ ಹಿಟ್ಟಿನಂತೆ ಇದ್ದರೆ ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕ್). ಬೂದು ಪುಡಿ ಬರುತ್ತಾ ಡ್ರಿಲ್ ಇದ್ದಕ್ಕಿದ್ದಂತೆ ಒಳಕ್ಕೆ ನುಗ್ಗಿದರೆ ಟೊಳ್ಳು ಬ್ಲಾಕ್. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಎಎಸಿ ಹೆಚ್ಚು, ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಅದರಲ್ಲಿ ತಿರುಗುತ್ತಲೇ ಇರುತ್ತದೆ. ಎಎಸಿಗೆಂದೇ ಬರುವ ಅಗಲ ರೆಕ್ಕೆಯ ಪ್ಲಗ್ ಕೇಳಿ, ಹ್ಯಾಮರ್ ಇಲ್ಲದೆ ಬರೀ ತಿರುಗಿಸಿ ಕೊರೆಯಿರಿ. ಟೊಳ್ಳು ಬ್ಲಾಕಿಗೆ ಒಳಗೆ ಹೋಗಿ ಅರಳುವ ಟಾಗಲ್ ಬೋಲ್ಟ್. ಇಟ್ಟಿಗೆಗೆ 8 ಮಿ.ಮೀ. ಪ್ಲಗ್ಗು, 60 ಮಿ.ಮೀ. ಸ್ಕ್ರೂ ಸಾಕು, ಗಾರೆಯೇ 12–15 ಮಿ.ಮೀ. ದಪ್ಪವಿರುವುದರಿಂದ ಚಿಕ್ಕ ಸ್ಕ್ರೂ ಇಟ್ಟಿಗೆಯನ್ನು ಹಿಡಿಯುವುದೇ ಇಲ್ಲ. ಬೀರುವಿನ ನೆತ್ತಿಯ ಹಿಂಬದಿಗೆ ಎರಡು ಎಲ್ ಕ್ಲಾಂಪ್ ಹಾಕಿ.

ಕೊರೆಯಲು ಅನುಮತಿಯೇ ಇಲ್ಲವೆಂದರೆ ಭಾರದ್ದೆಲ್ಲ ಕೆಳಗಿನ ಹಲಗೆಗೆ ಇಳಿಸಿ, ಮುಂಗಾಲುಗಳ ಕೆಳಗೆ 1 ಸೆಂ.ಮೀ. ಮರದ ತುಂಡು ಕೊಟ್ಟು ಬೀರು ಹಿಂದಕ್ಕೆ ವಾಲುವಂತೆ ಮಾಡಿ, ಬೀಗ ಹಾಕಿ ಕೀ ತೆಗೆದಿಡಿ. ಸ್ಟ್ಯಾಂಡಿನ ಮೇಲಿನ ಟಿವಿಗೂ ಹಿಂದಿನಿಂದ ಪಟ್ಟಿ ಕಟ್ಟಿ. ರಿಮೋಟ್, ಆಟಿಕೆ ಅದರ ನೆತ್ತಿಯ ಮೇಲಿಡಬೇಡಿ, ಮಗು ಹತ್ತುವುದು ಅದಕ್ಕೇ.

ರಿಮೋಟಿನ ಗುಂಡಿ ಬ್ಯಾಟರಿ ನುಂಗಿದರೆ ಮಲದಲ್ಲಿ ಹೋಗುತ್ತದೆಯಂತೆ, ನಿಜವೇ? — ಜೆ.ಪಿ. ನಗರ

ಹೊಟ್ಟೆಗಿಳಿದರೆ ಹೋಗಬಹುದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ತೂತು ಮಾಡಬಲ್ಲದು. 20 ಮಿ.ಮೀ. ಅಗಲದ ಸಿಆರ್2032 ಮಾದರಿ ಎಲ್ಲಕ್ಕಿಂತ ಕೆಟ್ಟದ್ದು, ಸಿಕ್ಕಿಕೊಳ್ಳುವ ಅಳತೆಯೇ ಅದು. ಖಾಲಿಯಾಯಿತೆಂದು ಎಸೆದ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಕಾರಿನ ಕೀ, ತೂಕದ ಯಂತ್ರ, ಹಾಡುವ ಪುಸ್ತಕ, ಈಚೆಗೆ ದೀಪಾವಳಿಗೆ ಸಾಲು ಸಾಲು ತರುವ ಎಲ್‌ಇಡಿ ಹಣತೆ, ಎಲ್ಲದರಲ್ಲೂ ಇದೆ. ಹಣತೆಯ ತಳದ ಮುಚ್ಚಳಕ್ಕೆ ಹೆಚ್ಚಾಗಿ ಸ್ಕ್ರೂ ಇರುವುದೇ ಇಲ್ಲ, ಟೇಪು ಸುತ್ತಿ.

ನುಂಗಿದ ಅನುಮಾನ ಬಂದರೂ ಸಾಕು, ನೇರ ಎಕ್ಸ್‌ರೇ ಇರುವ ಮಕ್ಕಳ ಆಸ್ಪತ್ರೆಗೆ ಹೋಗಿ. ನಿಮ್ಮ ಕಡೆಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಮೀರಿರದಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಹೆಚ್ಚೆಂದರೆ ಆರು ಸಲ. ಜೇನಿಗಾಗಿ ಅಂಗಡಿ ಹುಡುಕುತ್ತ ತಡಮಾಡಬೇಡಿ. ಬೇರೆ ಆಹಾರ ಬೇಡ, ವಾಂತಿ ಮಾಡಿಸಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು. ಮೂಗಿಗೆ, ಕಿವಿಗೆ ತುರುಕಿಕೊಂಡರೂ ಅಷ್ಟೇ ತುರ್ತು.

ಕಡಲೆಕಾಯಿ ಪರಿಷೆಗೆ ಮಗುವನ್ನು ಕರೆದೊಯ್ಯುತ್ತೇವೆ. ಮೂರು ವರ್ಷದವನಿಗೆ ಕಡಲೆಬೀಜ ಕೊಡಬಹುದೇ? — ಬಸವನಗುಡಿ

ಪುಡಿ ಮಾಡಿ ಕೊಡಿ, ಇಡಿಯಾಗಿ ನಾಲ್ಕು ವರ್ಷ ತುಂಬಿದ ಮೇಲೆ. ದವಡೆ ಹಲ್ಲು ಬಲಿತಿರುವುದಿಲ್ಲ, ನಗುತ್ತಾ ಓಡುತ್ತಾ ತಿಂದರೆ ಬೀಜ ಶ್ವಾಸನಾಳಕ್ಕೆ ಜಾರುತ್ತದೆ. ಹುರಿಗಡಲೆ, ಹುಣಸೆಬೀಜ, ಸೀತಾಫಲದ ಬೀಜಕ್ಕೂ ಇದೇ ಮಾತು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ.

ಮೋಸ ಮಾಡುವುದು ಆಮೇಲಿನ ಮೌನ. ಒಮ್ಮೆ ಜೋರಾಗಿ ಕೆಮ್ಮಿ, ಮಗು ಸುಮ್ಮನಾಗುತ್ತದೆ. ವಾರಗಟ್ಟಲೆ ಕೆಮ್ಮು, ಗೊರಗೊರ ಬಿಡುವುದಿಲ್ಲ, ಅಸ್ತಮಾ ಎಂದು ಸಿರಪ್ ನಡೆಯುತ್ತಿರುತ್ತದೆ. ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ‘ಅವತ್ತು ಕಡಲೆಕಾಯಿ ತಿನ್ನುವಾಗ ಕೆಮ್ಮಿತ್ತು’ ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಿದರೆ ಬ್ರಾಂಕೋಸ್ಕೋಪಿಗೆ (ಶ್ವಾಸನಾಳದೊಳಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆ) ದಾರಿಯಾಗುತ್ತದೆ.

ಉಸಿರೇ ಕಟ್ಟಿ, ಕೆಮ್ಮಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ ಬೆನ್ನಿನ ರೆಕ್ಕೆಗಳ ನಡುವೆ ಅಂಗೈಯಿಂದ ಐದು ಏಟು. ಹೋಗದಿದ್ದರೆ ಹಿಂದಿನಿಂದ ಅಪ್ಪಿ ಹೊಕ್ಕುಳಿಗಿಂತ ತುಸು ಮೇಲ್ಗಡೆ ಮುಷ್ಟಿಯಿಟ್ಟು ಒಳಕ್ಕೆ–ಮೇಲಕ್ಕೆ ಐದು ಒತ್ತು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಬೆನ್ನಿಗೆ ಐದು ಏಟು, ಎದೆಮೂಳೆಗೆ ಎರಡು ಬೆರಳಿನಿಂದ ಐದು ಒತ್ತು. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ.

ಮಗಳು ಬಾತ್‌ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಂಡು ಬಾಗಿಲು ಒಡೆಯಬೇಕಾಯಿತು. ಮತ್ತೆ ಹಾಗಾಗದಿರಲು? — ನಾಗರಬಾವಿ

ಒಳಗಿನ ಚಿಲಕವನ್ನು ಬಿಚ್ಚಿ ಐದಡಿಗೆ ಏರಿಸಿ. ಹಳೆಯ ಸ್ಕ್ರೂ ತೂತುಗಳಿಗೆ ಬೆಂಕಿಕಡ್ಡಿ, ಮರದ ಅಂಟು ತುಂಬಿ. ಹಣವಿದ್ದರೆ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಬಾತ್‌ರೂಮ್ ಲಾಕ್ ಹಾಕಿಸಿ. ಸದ್ಯಕ್ಕೆ ಬಾಗಿಲ ನೆತ್ತಿಯ ಮೇಲೆ ದಪ್ಪ ಟವೆಲ್ ಹೊದಿಸಿದರೆ ಬಾಗಿಲು ಪೂರಾ ಮುಚ್ಚುವುದಿಲ್ಲ, ಬೆರಳೂ ಸಿಕ್ಕುವುದಿಲ್ಲ.

ಮುಂಬಾಗಿಲ ನೈಟ್ ಲ್ಯಾಚ್ ಇದಕ್ಕಿಂತ ಕಷ್ಟ. ಕಸ ಹಾಕಲು ನೀವು ಹೊರಗೆ, ಬಾಗಿಲು ತಳ್ಳಿದ ಮಗು ಒಳಗೆ, ಒಲೆ ಉರಿಯುತ್ತಿರುತ್ತದೆ. ಹೊರಗೆ ಕಾಲಿಡುವಾಗ ಲ್ಯಾಚಿನ ಗುಂಡಿಯನ್ನು ಒಳಕ್ಕೆ ಸಿಕ್ಕಿಸಿ, ಇನ್ನೊಂದು ಕೀ ಪಕ್ಕದ ಮನೆಯವರ ಹತ್ತಿರ ಇರಲಿ. ಸಿಲಿಂಡರ್ ಅಡುಗೆಮನೆಯ ಹೊರಗೆ ಯುಟಿಲಿಟಿಯಲ್ಲಿದ್ದು ಅಲ್ಲಿಗೆ ಬೇರೆ ಬಾಗಿಲಿದ್ದರೆ ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಆಮೇಲೆ ಬೀಗದವರಿಗೆ ಫೋನು. ಗ್ಯಾಸ್ ವಾಸನೆ ಬರುತ್ತಿದ್ದರೆ ಕಾಲಿಂಗ್ ಬೆಲ್ ಒತ್ತಬೇಡಿ, ಬಾಗಿಲು ತಟ್ಟಿ. ಕಟ್ಟಡದಿಂದ ದೂರ ನಿಂತು 1906ಕ್ಕೆ ಕರೆ ಮಾಡಿ.